ನೀರುಗಂಟಿಯ ಟೀವಿ

ಸಿದ್ದಾಪುರದಾಚೆ ನಮ್ಮ ಪಂಚಾಯ್ತಿಗೆ ಎರಡೇ ಬೀಗದಕೈ:
ಒಂದು ನೀರಿನ ಟ್ಯಾಂಕಿನ ಗೇಟಿಗೆ,
ಒಂದು ಜಗಲಿಯ ಮರದ ಪೆಟ್ಟಿಗೆಗೆ.
ಎರಡೂ ಅಪ್ಪನ ಉಡಿದಾರದಲ್ಲಿ.
ಬೆಳಿಗ್ಗೆ ಆರಕ್ಕೆ ನೀರು ಬಿಡುವನು,
ಸಂಜೆ ಆರಕ್ಕೆ ದೆಹಲಿ ಬಿಡುವನು.
ಎರಡಕ್ಕೂ ಜನ ಬೈಯುತ್ತಿದ್ದರು.

ಬಿದಿರ ತುದಿಯ ಆಂಟೆನಾ
ಮಡಿಕೇರಿ ಗುಡ್ಡದ ಕಡೆಗಿದ್ದರೆ ಚಿತ್ರ.
ಗಾಳಿಗೆ ಕೊಂಚ ಕಣ್ಣೂರಿನತ್ತ ವಾಲಿತೋ
ಪರದೆ ತುಂಬ ಇರುವೆ, ಇರುವೆಗಳ ನಡುವೆ ಮಲಯಾಳ.
ಮೀನಿನ ಬೀರಾನ್ ಕಾಕ ಎದ್ದು ನಿಲ್ಲುವರು:
"ಬೆಳ್ಯಪ್ಪಣ್ಣಾ, ಅಲ್ಲೇ ಇರಲಿ ಬಿಡಿ!"
ಅಪ್ಪ ಬಿಡಲಿಲ್ಲ. ಸರಕಾರದ ಬಿದಿರು.

ಬಂದದ್ದನ್ನು ನೋಡಬೇಕು.
ಆರಿಸಿಕೊಳ್ಳುವುದು ಅಂತೊಂದಿದೆ ಎಂದು ಯಾರಿಗೆ ಗೊತ್ತಿತ್ತು?

ಗೋಧಿಗೆ ತುಕ್ಕುರೋಗ ಬಂದರೆ ಏನು ಸಿಂಪಡಿಸಬೇಕು,
ಕಾಫಿ, ಮೆಣಸು, ಕಿತ್ತಳೆಯ ಊರಲ್ಲಿ ಕೂತು ಕೇಳಿದೆವು.
ಸುಬೇದಾರ್ ಪೂವಯ್ಯ ಒಬ್ಬರೇ ಬರೆದುಕೊಂಡರು,
"ಅಂಬಾಲದಲ್ಲಿ ಕಂಡಿದ್ದೆ. ಪಾಪದ ಗಿಡ."
ಬಿಳಿ ಶಾಲಿನ ಮುದುಕರೊಬ್ಬರು
ಒಂದೇ 'ಆ'ಕಾರವನ್ನು ಇಪ್ಪತ್ತು ನಿಮಿಷ ಎಳೆದರು.
ನಾವು ಹುಡುಗಿಯರು ನಕ್ಕೂ ನಕ್ಕೂ ಸುಸ್ತಾದೆವು,
ಲೈನ್‌ಮನೆಯ ಅಂಜಲೈಯ ಕೂಸು ಮಾತ್ರ
ಹುಟ್ಟಿದಮೇಲೆ ಮೊದಲ ಸಲ ಅಳದೆ ನಿದ್ದೆಹೋಯಿತು.
ಉಪ್ಪಿನ ಹರಳು ಬೆಳೆಯುವ ಬಗೆಯನ್ನು ಇಂಗ್ಲಿಷಿನಲ್ಲಿ ನೋಡಿದೆವು.
ಪಾರ್ಲಿಮೆಂಟು ನೋಡಿದೆವು, ಮುಕ್ಕಾಲು ಪಾಲು ಖಾಲಿ ಬೆಂಚು.
ಹಾಕಿ ಬಂದ ದಿನ ಪಂಚಾಯ್ತಿಗೆ ಪಂಚಾಯ್ತಿಯೇ ಬಂದು
ಜಗಲಿಯ ಒಂದು ಕಂಬ ಅಲುಗಾಡಿತು, ಇವತ್ತಿಗೂ ಅಲುಗಾಡುತ್ತದೆ.

ರಾತ್ರಿ ವಾರ್ತೆಗೆ ಮುಂಚೆ ಕಾಣೆಯಾದವರು.
ಗೋಧಿ ಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು.
ಅಂಜಲೈ ಅದಕ್ಕೆಂದೇ ಬರುತ್ತಿದ್ದಳು,
ಯಾರನ್ನು ಹುಡುಕುತ್ತಿದ್ದಳೋ ಹೇಳಲಿಲ್ಲ.
ಗೋಧಿ ನನಗೆ ತಿಳಿದದ್ದೇ ಹೀಗೆ:
ಒಂದು ರೋಗವಾಗಿ,
ಮನೆಬಿಟ್ಟು ಹೋದವರ ಬಣ್ಣವಾಗಿ.

ಒಂಬತ್ತಕ್ಕೆ ಆನೆಯ ಭಯ. ಪೆಟ್ಟಿಗೆ ಬಂದ್.
ಎಷ್ಟೋ ನಾಟಕಗಳ ಕೊನೆ ನನಗಿನ್ನೂ ಗೊತ್ತಿಲ್ಲ.

ಭಾನುವಾರ ಮಧ್ಯಾಹ್ನ ಕಿವಿ ಕೇಳದವರ ವಾರ್ತೆ.
ಅದಕ್ಕೂ ಅಪ್ಪ ಬೀಗ ತೆಗೆಯುವನು, ಒಬ್ಬಳಿಗಾಗಿ:
ಯರವರ ಹಾಡಿಯ ಬೊಳ್ಳಿ.
ದೆಹಲಿಯ ಆ ಹೆಂಗಸಿನ ಕೈಭಾಷೆ ಇವಳಿಗೆ ಬಾರದು,
ಇವಳದು ಹಾಡಿಯಲ್ಲೇ ಹುಟ್ಟಿದ್ದು:
ಮೇಸ್ತ್ರಿ ಎಂದರೆ ಮೀಸೆ, ಸಂಬಳದ ದಿನ ಎಂದರೆ ಹೆಬ್ಬೆಟ್ಟು.
ಆದರೂ ಕೈಯಲ್ಲಿ ಮಾತಾಡುವ ಇನ್ನೊಂದು ಜೀವ
ಭೂಮಿಯ ಮೇಲಿದೆ ಎಂದು ಕಂಡದ್ದು ಅಲ್ಲೇ.
ಸುಮ್ಮನೆ ನೋಡಲಿಲ್ಲ, ಉತ್ತರ ಕೊಟ್ಟಳು.
ಆಕೆ ಬಜೆಟ್ ಓದುತ್ತಿದ್ದರೆ ಇವಳು
ರಾತ್ರಿ ಆನೆ ಬಂದು ಬಾಳೆ ಮುರಿದ ಸುದ್ದಿ ಹೇಳಿದಳು,
ಸೊಂಡಿಲು, ಮರಿ, ಅದು ಬಿದ್ದ ಹೊಂಡ, ಎಲ್ಲ.
ಕೊನೆಗೆ ಪರದೆಯ ಕೈ ಮುಗಿದವು. ಇವಳೂ ಮುಗಿದಳು.
ತೃಪ್ತಿಯಾಗಿ ಎದ್ದು ಹೋದಳು,
ನೆಂಟರ ಮನೆಯಿಂದ ಹೊರಟ ಹಾಗೆ.

ಆಮೇಲೆ ಕೇಬಲ್ಲು, ಹಿಂದೆಯೇ ತಟ್ಟೆ.
ಬೀರಾನ್ ಕಾಕನಿಗೆ ಇರುವೆಯಿಲ್ಲದ ಮಲಯಾಳ ಸಿಕ್ಕಿತು,
ಅಂಜಲೈಗೆ ತಮಿಳು, ಸುಬೇದಾರರಿಗೆ ಇಡೀ ದಿನ ಆಟ.
ಒಳ್ಳೆಯದೇ ಆಯಿತು, ಇಲ್ಲವೆನ್ನಲಾರೆ.
ನನಗೂ ಇನ್ನೂರು ಚಾನೆಲ್ ಇದೆ,
ಗೋಧಿಯ ಸುದ್ದಿ ಒಂದರಲ್ಲೂ ನೋಡಿಲ್ಲ.
ಪೆಟ್ಟಿಗೆಯಲ್ಲೀಗ ಬ್ಲೀಚಿಂಗ್ ಪೌಡರ್.

ಮೊನ್ನೆ ಸಂತೆಯಲ್ಲಿ ಬೊಳ್ಳಿ ಸಿಕ್ಕಳು, ತಲೆ ಪೂರ್ತಿ ಬೆಳ್ಳಗೆ.
ಎರಡು ಬೆರಳಲ್ಲಿ ಗಾಳಿಯೊಳಗೆ ಬೀಗ ತಿರುಗಿಸಿದಳು.
ಅವಳ ಭಾಷೆಯಲ್ಲಿ ಅದು ಅಪ್ಪನ ಹೆಸರು.
ಹೇಳುವ ಬಗೆ ನನಗೆ ಹೊಳೆಯಲಿಲ್ಲ.
ಅದೇ ಬೀಗವನ್ನು ಹಿಂದಕ್ಕೆ ತಿರುಗಿಸಿದೆ.
ಅವಳು ನೋಡಿದಳು. ಚೀಲ ಕೆಳಗಿಟ್ಟು
ವಾರ್ತೆ ಮುಗಿದಾಗಿನಂತೆ ಕೈಮುಗಿದಳು.

ಆಮೇಲೆ ಮತ್ತಿ ಮೀನಿಗೆ ಚೌಕಾಸಿ ಮಾಡಲು ಹೋದಳು,
ಹತ್ತೂ ಬೆರಳಿನಿಂದ.